ತಂಗಳಪೆಟ್ಟಿಗೆಯ ಯೋಗಕ್ಷೇಮ

ಗೃಹಕೃತ್ಯದಲ್ಲಿ ನಿರತರಾದ ನಮ್ಮ ವಾಚಕರಲ್ಲಿ ರೆಫ್ರಿಜರೇಟರನ್ನು ಕಾಣದವರು ಈಗ ವಿರಳವೆಂದೇ ಹೇಳಬೇಕು. ಮನೆಯ ಹಿರಿಯರು ಅದನ್ನು ಪರಿಹಾಸ್ಯಕ್ಕಾಗಿ ‘ತಂಗಳಪೆಟ್ಟಿಗೆ’ ಎನ್ನುವುದುಂಟು. ಹೆಸರು ಹಾಸ್ಯದ್ದಾದರೂ ಅದರಲ್ಲೊಂದು ಸತ್ಯವು ಅಡಗಿದೆ. ಈ ಪೆಟ್ಟಿಗೆಯು ಕೆಟ್ಟುದನ್ನು ಒಳ್ಳೆಯದಾಗಿ ಮಾಡಲಾರದು. ಕೆಡತಕ್ಕದ್ದನ್ನು ಕೆಲಕಾಲ ತಡೆಯಬಲ್ಲುದು, ಅಷ್ಟೆ. ಇದನ್ನು ಮರೆತವರು ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವರು. ನಾವೂ ಒಮ್ಮೆ ಮರೆತಿದ್ದೆವು.

ನಮ್ಮ ವಾಸವು ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪ. ಒಂದು ಆಟಿ ತಿಂಗಳ ಗಾಳಿಮಳೆಯ ರಾತ್ರಿ ವಿದ್ಯುಚ್ಛಕ್ತಿಯು ಹತ್ತಾರು ಸಲ ಹೋಗಿ ಬಂದಿತು. ಬೆಳಗಾಗಿ ನೋಡುವಲ್ಲಿ ಪೆಟ್ಟಿಗೆಯೊಳಗಿನ ದೀಪವು ಉರಿಯುತ್ತಿದೆ, ತಂಪು ಮಾತ್ರ ಇಲ್ಲ. ಹಿಂಬದಿಯಿಂದ ಕೆಲವು ನಿಮಿಷಗಳಿಗೊಮ್ಮೆ ‘ಟಿಕ್’ ಎಂಬ ಸದ್ದು. ಒಳಗೆ ಹಾಲು, ಹಿಂದಿನ ದಿನ ತಂದ ಬಂಗುಡೆ, ಎಲ್ಲಕ್ಕೂ ಮಿಗಿಲಾಗಿ ಮನೆಯ ಹಿರಿಯರೊಬ್ಬರ ಇನ್ಸುಲಿನ್. ಔಷಧವನ್ನು ಒಡನೆಯೇ ನೆರೆಮನೆಗೆ ಒಯ್ದೆವು. ಮೊದಲು ಬಂದ ದುರಸ್ತಿಗಾರರು ಕಂಪ್ರೆಸರ್ ಸತ್ತಿದೆಯೆಂದೂ ಹೊಸದನ್ನೇ ಹಾಕಬೇಕೆಂದೂ ಹೇಳಿ ದೊಡ್ಡದೊಂದು ಮೊತ್ತವನ್ನು ತಿಳಿಸಿದರು. ನಮಗೆ ಸಮಾಧಾನವಾಗದೆ ಇನ್ನೊಬ್ಬರನ್ನು ಕರೆಸಲು, ಅವರು ಹಿಂದಿನ ಮುಚ್ಚಳವನ್ನು ತೆಗೆದು, ಕಂಪ್ರೆಸರನ್ನು ಚಾಲೂ ಮಾಡುವ ‘ರಿಲೇ’ ಎಂಬ ಬೆರಳಗಲದ ಭಾಗವು ಸುಟ್ಟುಹೋಗಿರುವುದನ್ನು ತೋರಿಸಿದರು. ಅದನ್ನು ಬದಲಾಯಿಸಿದಾಗ ಯಂತ್ರವು ಮತ್ತೆ ನಡೆಯಿತು. “ಸ್ಟೆಬಿಲೈಸರ್ ಎಲ್ಲಿ?” ಎಂದು ಅವರು ಕೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು. ಎರಡು ವಾರಗಳ ಹಿಂದೆ ಅದನ್ನು ತೆಗೆದು ಟೆಲಿವಿಷನ್ನಿಗೆ ಜೋಡಿಸಿದವರು ನಾವೇ!

ಅಂದಿನಿಂದ ನಾವು ವಿಚಾರಿಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಯಂತ್ರದ ಮರ್ಮ

ಬೆವರಿದ ಮೈಗೆ ಗಾಳಿ ಬೀಸಿದರೆ ತಂಪೆನಿಸುವುದಷ್ಟೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಬಯಲುಸೀಮೆಯ ಮಣ್ಣಿನ ಹೂಜಿಯು ನೀರನ್ನು ತಣಿಸುವುದೂ ಈ ನಿಯಮದಿಂದಲೆ. ನಮ್ಮ ಕರಾವಳಿಯಲ್ಲಿಯಾದರೋ ಗಾಳಿಯೇ ನೀರಿನಿಂದ ತುಂಬಿರುವ ಕಾರಣ ಹೂಜಿಯ ಆಟವು ನಡೆಯದು. ರೆಫ್ರಿಜರೇಟರಿನಲ್ಲಿ ಈ ಕಾರ್ಯವು ಮುಚ್ಚಿದ ಕೊಳವೆಯೊಳಗೆ ನಡೆಯುತ್ತದೆ: ದ್ರವವು ಒಳಗೆ ಆವಿಯಾಗಿ ಶಾಖವನ್ನು ಹೀರುವುದು, ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕೊಳವೆಗೆ ತಳ್ಳುವುದು, ಅಲ್ಲಿ ಶಾಖವನ್ನು ಬಿಟ್ಟು ಅದು ಪುನಃ ದ್ರವವಾಗುವುದು. ಆದುದರಿಂದ ಪೆಟ್ಟಿಗೆಯ ಪಕ್ಕಗಳು ಬಿಸಿಯಾಗಿದ್ದರೆ ಬೆದರಬೇಕಾಗಿಲ್ಲ. ಹೊಸ ಮಾದರಿಗಳಲ್ಲಿ ಆ ಕೊಳವೆಗಳು ಪಕ್ಕದ ಗೋಡೆಯಲ್ಲಿಯೇ ಅಡಗಿರುತ್ತವೆ. ನಮ್ಮ ನಾಡಿನಲ್ಲಿ ಈ ಯಂತ್ರಕ್ಕೆ ಮುಖ್ಯ ಶತ್ರುಗಳು ಎರಡು: ತೇವ ಮತ್ತು ನಿಲುಗಡೆಯಿಲ್ಲದ ವಿದ್ಯುತ್ತು.

ಕೊಳ್ಳುವ ಮುನ್ನ

ಮೂರು ನಾಲ್ಕು ಜನರ ಸಂಸಾರಕ್ಕೆ ಸುಮಾರು 180ರಿಂದ 250 ಲೀಟರಿನ ಪೆಟ್ಟಿಗೆ ಸಾಕು. ಅಗತ್ಯಕ್ಕೆ ಮೀರಿದ ಗಾತ್ರವನ್ನು ಕೊಂಡು ಬರಿದೆ ತಣಿಸುವುದರಲ್ಲಿ ಲಾಭವಿಲ್ಲ. ಮಂಜನ್ನು ಕೈಯಿಂದ ಕರಗಿಸತಕ್ಕ ‘ಡೈರೆಕ್ಟ್ ಕೂಲ್’ ಎಂಬುದು ಬೆಲೆಯಲ್ಲಿ ಅಗ್ಗ, ರಚನೆಯಲ್ಲಿ ಸರಳ. ‘ಫ್ರಾಸ್ಟ್ ಫ್ರೀ’ ಎಂಬುದರಲ್ಲಿ ಮಂಜು ತಾನಾಗಿ ಕರಗುವ ಸುಖವುಂಟು. ಆದರೆ ಫ್ಯಾನು, ಹೀಟರುಗಳಿರುವ ಕಾರಣ ಕೆಡುವ ಭಾಗಗಳೂ ಹೆಚ್ಚು. ಮಾರುವವರು ನಕ್ಷತ್ರಗಳನ್ನು ತೋರಿಸಿ ಹೊಗಳುವರು. ನಕ್ಷತ್ರಗಳ ಮಾನದಂಡವು ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಸಮನಲ್ಲ. ಚೀಟಿಯಲ್ಲಿ ಅಚ್ಚಾಗಿರುವ ವಾರ್ಷಿಕ ಯೂನಿಟ್ಟುಗಳ ಸಂಖ್ಯೆಯನ್ನೇ ಹೋಲಿಸಿ ನೋಡಬೇಕು. ಸ್ಟೆಬಿಲೈಸರ್ ಬೇಡವೆಂದು ಹೇಳಿದರೆ, ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂಬುದನ್ನು ಬರಹದಲ್ಲಿ ಕಾಣತಕ್ಕದ್ದು.

ಇನ್ನೊಂದು ಮಾತು. ಹಿಂದಿನ ಪೆಟ್ಟಿಗೆಗಳಲ್ಲಿದ್ದ ಅನಿಲವು ಆಕಾಶದ ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದನ್ನು ಕ್ರಮೇಣ ಕೈಬಿಡಲಾಯಿತು. ಈಗಿನ ಅನೇಕ ಪೆಟ್ಟಿಗೆಗಳಲ್ಲಿರುವುದು ಐಸೊಬ್ಯುಟೇನ್. ಅದು ಓಜೋನಿಗೆ ನಿರಪಾಯಕಾರಿ, ಆದರೆ ಬೆಂಕಿಗೆ ಹೊತ್ತಿಕೊಳ್ಳುವಂಥದು. ಅನಿಲ ತುಂಬಿಸುವ ಕೆಲಸವನ್ನು ತರಬೇತಿ ಪಡೆದವರಿಗೆ ಮಾತ್ರ ಒಪ್ಪಿಸಬೇಕು.

ನಿತ್ಯದ ಆರೈಕೆ

ಪೆಟ್ಟಿಗೆಯನ್ನು ಒಲೆಯಿಂದ ದೂರವಿರಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುವಷ್ಟು ಎಡೆ ಬಿಡಬೇಕು. ಭೂಸಂಪರ್ಕವುಳ್ಳ ಮೂರು ಮುಳ್ಳಿನ ಪ್ಲಗ್ಗು ಕಡ್ಡಾಯ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲುವ ನಮ್ಮ ಅಡುಗೆಮನೆಗಳಲ್ಲಿ ಇದು ಪ್ರಾಣದ ಪ್ರಶ್ನೆ. ಮುಟ್ಟಿದಾಗ ‘ಜುಮ್’ ಎಂದರೂ ಒಡನೆ ಮೆಯಿನ್ ಸ್ವಿಚ್ಚನ್ನು ಆರಿಸಿ ವಿದ್ಯುತ್ತಿನ ಕೆಲಸದವರನ್ನು ಕರೆಯಿಸಿರಿ.

ಬಾಗಿಲಿನ ರಬ್ಬರು ಅಂಚಿನ ಮಡಿಕೆಯಲ್ಲಿ ಮಳೆಗಾಲಕ್ಕೆ ಕಪ್ಪು ಬೂಷ್ಟು ಬೆಳೆಯುವುದು. ವಾರಕ್ಕೊಮ್ಮೆ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಒರಸಿ, ಒಣಬಟ್ಟೆಯಿಂದ ತೇವವನ್ನು ತೆಗೆಯಿರಿ. ಬಾಗಿಲಿಗೆ ಒಂದು ಕಾಗದವನ್ನು ಸಿಕ್ಕಿಸಿ ಮುಚ್ಚಿ ಎಳೆದು ನೋಡಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ಹೊರಗಿನ ಗಾಳಿಯು ನುಗ್ಗುತ್ತಿದೆ ಎಂದರ್ಥ. ಮಂಜು ಅರ್ಧ ಸೆಂಟಿಮೀಟರಿನಷ್ಟು ದಪ್ಪವಾದಾಗ ಯಂತ್ರವನ್ನು ನಿಲ್ಲಿಸಿ ತಾನಾಗಿ ಕರಗಲು ಬಿಡಿರಿ. ಚೂರಿಯಿಂದ ಕೆತ್ತುವ ಅವಸರವು ಬೇಡ. ತೆಳುವಾದ ಕೊಳವೆಗೆ ಸೂಜಿಮೊನೆಯಷ್ಟು ತೂತಾದರೂ ಅನಿಲವೆಲ್ಲ ಹೊರಟುಹೋಗುವುದು.

ಒಳಗಿಡುವ ಪದಾರ್ಥಗಳು

ಒಳಗಿನ ಉಷ್ಣತೆಯು 5 ಡಿಗ್ರಿ ಸೆಂಟಿಗ್ರೇಡನ್ನು ಮೀರಬಾರದು. ಮಂಜಿನ ಕೋಣೆಯಲ್ಲಿ ಸೊನ್ನೆಗಿಂತ ಕೆಳಗೆ 18 ಇರಬೇಕು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ರಾತ್ರಿಯಿಡೀ ಇರಿಸಿದರೆ ನಿಜವು ತಿಳಿಯುವುದು. ಅನ್ನ, ಸಾರುಗಳನ್ನು ಅಗಲವಾದ ಪಾತ್ರೆಯಲ್ಲಿ ಆರಿಸಿ ಎರಡು ಗಂಟೆಯೊಳಗೆ ಒಳಗಿಡಬೇಕು.

ಮೀನಿನ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕಾಗಿದೆ. ಬಂಗುಡೆ, ಬೂತಾಯಿಗಳು ಸಾಕಷ್ಟು ತಂಪಿಲ್ಲದೆ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತುವು ಹುಟ್ಟುತ್ತದೆ. ಇದರಿಂದ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿಗಳುಂಟಾಗುತ್ತವೆ. ಎಷ್ಟು ಕುದಿಸಿದರೂ ಹುರಿದರೂ ಅದು ನಾಶವಾಗದು, ಮೂಗಿಗೆ ತಿಳಿಯದಿರಲೂಬಹುದು. ಆ ದಿನ ನಮ್ಮ ಬಂಗುಡೆಯು ವಾಸನೆಗೆ ಚೆನ್ನಾಗಿಯೇ ಇದ್ದಿತು. ಮನೆಯಾಕೆಯು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ತೆಂಗಿನ ಬುಡದಲ್ಲಿ ಹೂಳಿದಳು; ಅವಳು ಮಾಡಿದ್ದೇ ಸರಿ.

ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿಗಳ ನಡುವೆ, ಮಂಜಿನ ಕೋಣೆಗೆ ತಾಗದಂತೆ ಇಡತಕ್ಕದ್ದು. ಒಮ್ಮೆ ಹೆಪ್ಪುಗಟ್ಟಿದುದನ್ನು ಕರಗಿದ ಮೇಲೂ ಬಳಸಕೂಡದು. ಬೆಚ್ಚಗಾದ ಔಷಧದ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ವಿದ್ಯುತ್ತು ಹೋದಾಗ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ಸುಮಾರು 4 ಗಂಟೆ ನಿಲ್ಲುವುದು. ಪ್ರತ್ಯೇಕ ಬಾಗಿಲುಳ್ಳ ಮಂಜಿನ ಕೋಣೆಯು ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುವುದು. “ಏನಾಗಿದೆ ನೋಡೋಣ” ಎಂದು ಪದೇ ಪದೇ ತೆರೆಯುವ ಕುತೂಹಲವೇ ಅರ್ಧ ನಷ್ಟಕ್ಕೆ ಮೂಲ.

ದೋಷದ ಲಕ್ಷಣಗಳು

ಯಂತ್ರವು ಪೂರ್ತಿ ನಿಂತಿದ್ದರೆ ಮೊದಲು ಪ್ಲಗ್ಗು, ಫ್ಯೂಸು, ಸ್ಟೆಬಿಲೈಸರುಗಳನ್ನು ನೋಡಿರಿ. ಅದೇ ಸಾಕೆಟ್ಟಿಗೆ ಬೇರೊಂದು ದೀಪವನ್ನು ಹಚ್ಚಿ ಪರೀಕ್ಷಿಸಿರಿ. ನಡೆಯುತ್ತಿದ್ದೂ ತಂಪು ಸಾಲದಾದರೆ ರಬ್ಬರು ಅಂಚು, ಹಿಂದಿನ ಕೊಳವೆಯ ಧೂಳು, ಒಳಗಿನ ಮಂಜು, ವಿಪರೀತ ತುಂಬಿದ ಪಾತ್ರೆಗಳು, ಇವುಗಳನ್ನು ಕ್ರಮವಾಗಿ ಶೋಧಿಸಬೇಕು. ತರಕಾರಿಯ ತಟ್ಟೆಯ ಕೆಳಗೆ ನೀರು ನಿಂತರೆ ನೀರು ಹರಿಯುವ ರಂಧ್ರವು ಕಟ್ಟಿರುವುದು ಸಾಮಾನ್ಯ. ಬೆಚ್ಚಗಿನ ನೀರನ್ನು ಮೆಲ್ಲನೆ ಹೊಯ್ದರೆ ಬಿಡುವುದು. ಆಟಿಯಲ್ಲಿ ಹೊರಮೈ ಬೆವರುವುದು ಹವೆಯ ಗುಣವೇ ಹೊರತು ಯಂತ್ರದ ರೋಗವಲ್ಲ. ಆದರೆ ಬಾಗಿಲ ಸಂದಿಯಲ್ಲಿ ಮಾತ್ರ ಧಾರೆಯಾದರೆ ರಬ್ಬರನ್ನು ಸಂಶಯಿಸಿರಿ. ‘ಟಿಕ್ ಟಿಕ್’ ಸದ್ದಾದರೆ ಕೂಡಲೆ ಆರಿಸಿಬಿಡಿ. ಹಾಗೆಯೇ ಬಿಟ್ಟರೆ ಸಣ್ಣ ರೋಗವು ಕಂಪ್ರೆಸರಿಗೆ ಏರುವುದು. ವಿದ್ಯುತ್ತು ಮರಳಿ ಬಂದಾಗ ಐದು ನಿಮಿಷ ತಡೆದು ಚಾಲೂ ಮಾಡುವುದೊಳ್ಳೆಯದು. ದೊಡ್ಡ ವೆಚ್ಚದ ಮಾತು ಬಂದರೆ, ಕೆಟ್ಟ ಭಾಗ ಯಾವುದೆಂದು ಕಣ್ಣಾರೆ ತೋರಿಸುವಂತೆ ಕೇಳಿ, ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ.

ನದೀತೀರದವರಿಗೆ ಕಡೆಯದೊಂದು ಸೂಚನೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಬಂಟ್ವಾಳದ ಸೀಮೆಯನ್ನು ಮುಳುಗಿಸಿದುದನ್ನು ಹಿರಿಯರು ಹೇಳಿ ನಾವು ಕೇಳಿದ್ದೇವೆ. ನೀರೇರುವ ಸೂಚನೆ ಕಂಡರೆ ಪ್ಲಗ್ಗನ್ನು ಕಳಚಿ ಪೆಟ್ಟಿಗೆಯನ್ನು ಎತ್ತರಕ್ಕೇರಿಸಿರಿ. ನೆರೆಯಲ್ಲಿ ನೆನೆದುದನ್ನು ಬಲ್ಲವರು ಪರೀಕ್ಷಿಸುವ ಮೊದಲು ಚಾಲೂ ಮಾಡಲೇಬಾರದು. ನೆರೆನೀರು ತಾಗಿದ ಆಹಾರವನ್ನು ಉಳಿಸಲೂಬಾರದು.

ನಮ್ಮ ಸ್ಟೆಬಿಲೈಸರ್ ಈಗ ತನ್ನ ಸ್ಥಾನಕ್ಕೆ ಮರಳಿದೆ. ಟೆಲಿವಿಷನ್ನಿಗೆ ಬೇರೊಂದನ್ನು ಕೊಳ್ಳುವವರೆಗೆ, ಗುಡುಗಿದಾಗ ಅದರ ಪ್ಲಗ್ಗನ್ನು ಕಳಚುವ ಕೆಲಸವು ಮನೆಯ ಮಕ್ಕಳದು. ಹಿರಿಯರು ಮಾತ್ರ ಪ್ರತಿದಿನ ಬೆಳಗ್ಗೆ ತಮ್ಮ ಔಷಧದ ಸೀಸೆಯನ್ನು ಅಂಗೈಯಲ್ಲಿ ಹಿಡಿದು, ತಣ್ಣಗಿದೆಯೆಂದು ಮನಗಂಡ ಮೇಲೆಯೇ ಕಾಫಿಗೆ ಕುಳಿತುಕೊಳ್ಳುತ್ತಾರೆ.