ನೀರಿನ ಮೇಲಿನ ಗುರುತು ಕಾಯುವ ಹಡಗು

ಮಕ್ಕಳೇ, ನಮ್ಮ ತುರ್ವಿಹಾಳದ ಕಡೆ ರಸ್ತೆಗೆ ಗುಂಡಿ ಬಿದ್ದರೆ ಯಾರಾದರೂ ಒಂದು ಜಾಲಿ ಕೊಂಬೆ ನೆಟ್ಟು, ಕೆಂಪು ಬಟ್ಟೆ ಕಟ್ಟುತ್ತಾರೆ. ನಾನು ಬ್ಯಾಂಕಿನಲ್ಲಿದ್ದ ಕಾಲ. ಮಳೆಗಾಲದ ಒಂದು ಸಂಜೆ ಸೈಕಲ್ ಮೇಲೆ ಮನೆಗೆ ಬರುತ್ತಿದ್ದೆ. ಬೆಳಿಗ್ಗೆ ಕಂಡಿದ್ದ ಕೊಂಬೆ ಮಳೆನೀರಿಗೆ ಸರಿದು ನಾಲ್ಕು ಮಾರು ಆಚೆ ನಿಂತಿತ್ತು. ಅದನ್ನು ನಂಬಿ ಪಕ್ಕಕ್ಕೆ ತಿರುಗಿಸಿದವನು ನೇರ ಗುಂಡಿಗೇ ಇಳಿದೆ! ಮೊಣಕಾಲಿನ ಕಲೆ ಇನ್ನೂ ಇದೆ.

ಈ ಕಥೆ ಕೇಳಿದ ಮೊಮ್ಮಗಳು, "ತಾತಾ, ಸಮುದ್ರದಾಗೂ ಗುಂಡಿಗೆ ಕೊಂಬಿ ನೆಡ್ತಾರೇನು?" ಎಂದಳು.

ನೆಡುತ್ತಾರೆ. ಅಲ್ಲಿ ಕೊಂಬೆಯ ಬದಲು ಬಣ್ಣ ಬಳಿದ ದೊಡ್ಡ ತೇಲುಬುರುಡೆ. ನಾವಿಕರು ಅದನ್ನು 'ಬಾಯ್' ಎನ್ನುತ್ತಾರೆ. ನೀರಿನ ತಳದಲ್ಲಿರುವ ಭಾರವಾದ ದಿಂಡಿಗೆ ಸರಪಳಿಯಿಂದ ಕಟ್ಟಿರುತ್ತಾರೆ. ನವಮಂಗಳೂರು ಬಂದರಿನಂಥ ಕಡೆ ಹಡಗು ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನಡುವೆ ಆಳವಾದ ದಾರಿ. ಅಮೆರಿಕದಲ್ಲಿ ಇದು ತಿರುಗುಮುರುಗು!

ಬಿರುಗಾಳಿಗೆ ಬುರುಡೆ ಜರುಗುತ್ತದೆ, ಸರಪಳಿ ಸವೆಯುತ್ತದೆ, ದೀಪ ಆರುತ್ತದೆ. ಇವನ್ನು ನೋಡಿಕೊಳ್ಳಲೆಂದೇ ಹಡಗುಗಳಿವೆ. ನಮ್ಮ ದೇಶದ ದೀಪಸ್ತಂಭ ಇಲಾಖೆಗೆ 'ಸಾಗರದೀಪ', 'ಇಂದಿರಾ ಪಾಯಿಂಟ್' ಎಂಬ ಹಡಗುಗಳು ಈ ಸೇವೆ ಮಾಡಿವೆ. ಕ್ರೇನ್‌ನಿಂದ ಬುರುಡೆ ಎತ್ತಿ, ಅಂಟಿದ ಪಾಚಿ, ಚಿಪ್ಪು ಕೆರೆದು, ಬಣ್ಣ ಬಳಿದು, ಮತ್ತೆ ಅದೇ ಜಾಗಕ್ಕೆ ಇಳಿಸುವುದು ಇಂಥ ಹಡಗುಗಳ ಕೆಲಸ.

ನಮ್ಮ ಕಡಲು ಹೆಪ್ಪುಗಟ್ಟುವುದಿಲ್ಲ. ಆದರೆ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಚಳಿಗಾಲಕ್ಕೆ ನೀರು ಕಲ್ಲಾಗುತ್ತದೆ. ಆದ್ದರಿಂದ ಅಲ್ಲಿನ ಕರಾವಳಿ ಕಾವಲು ಪಡೆಗೆ ಬುರುಡೆಯನ್ನೂ ನೋಡಿಕೊಳ್ಳುವ, ಮಂಜುಗಡ್ಡೆಯನ್ನೂ ಒಡೆಯುವ ಹಡಗು ಬೇಕಾಯಿತು. 1942ರಿಂದ 1944ರವರೆಗೆ 180 ಅಡಿ ಉದ್ದದ ಇಂಥ 39 ಹಡಗುಗಳನ್ನು ಕಟ್ಟಿದರು. ಒಂದನ್ನು ಬಿಟ್ಟು ಉಳಿದವೆಲ್ಲ ಆ ಸರೋವರದ ದಂಡೆಯ ಡುಲುತ್ ಊರಿನಲ್ಲೇ ಹುಟ್ಟಿದವು.

ಹಡಗು ಮಂಜನ್ನು ಕೊಡಲಿಯಂತೆ ಕಡಿಯುವುದಿಲ್ಲ. ಇಳಿಜಾರಾದ ಮೂತಿ ಗಡ್ಡೆಯ ಮೇಲೇರುತ್ತದೆ. ಹಡಗಿನ ಭಾರಕ್ಕೆ ಗಡ್ಡೆ ಮುರಿಯುತ್ತದೆ. ಇವುಗಳಲ್ಲಿ 'ಸ್ಪಾರ್', 'ಬ್ರಾಂಬಲ್' ಎಂಬ ಎರಡು, 1957ರಲ್ಲಿ 'ಸ್ಟೋರಿಸ್' ಎಂಬ ಇನ್ನೊಂದು ಹಡಗಿನ ಜೊತೆ ಉತ್ತರ ಅಮೆರಿಕದ ನೆತ್ತಿಯ ಮೇಲಿನ ಹಿಮದ ದಾರಿಯನ್ನೇ ದಾಟಿದವು.

ಅದು ದೊಡ್ಡ ಸಾಹಸ, ನಿಜ. ಆದರೆ ನನಗೆ ಹಿಡಿಸಿದ್ದು ಅವುಗಳ ದಿನನಿತ್ಯದ ದುಡಿಮೆ. ಗುರುತು ಇಲ್ಲದಿದ್ದರೆ ಮನುಷ್ಯ ಹುಷಾರಾಗಿ ಹೋಗುತ್ತಾನೆ. ಜಾಗ ತಪ್ಪಿದ ಗುರುತು ಇದ್ದರೆ ನಂಬಿ ಮುಳುಗುತ್ತಾನೆ.

ನಾನು ಬಿದ್ದ ಮರುದಿನ ಬೆಳಿಗ್ಗೆ ಅದೇ ಗುಂಡಿಯಲ್ಲಿ ಯಾರೋ ಹೊಸ ಕೊಂಬೆ ನೆಟ್ಟಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮಕ್ಕಳೇ, ನಿಮ್ಮೂರ ದಾರಿಯಲ್ಲಿ ಕೊಂಬೆ ವಾಲಿದ್ದು ಕಂಡರೆ ಸುಮ್ಮನೆ ಹೋಗಬೇಡಿ, ಹಿರಿಯರಿಗೆ ಹೇಳಿ.