ಉಸಿರಾಡುವ ಕಟ್ಟಡ

ಮಹಾನಗರದ ನಮ್ಮಲ್ಲನೇಕರ ಹಗಲು ಕಳೆಯುವುದು ಮುಚ್ಚಿದ ಗಾಜಿನ ಕಚೇರಿಗಳಲ್ಲಿ. ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಬಳಿಕ ಅದರ ಕಾವನ್ನು ಹೊರಹಾಕಲು ಹಣ ತೆರುವ ಈ ಪದ್ಧತಿ ಲೆಕ್ಕ ಬಲ್ಲವರಿಗೆ ವಿಚಿತ್ರವೆನಿಸದಿರದು.

1974ರಲ್ಲಿ ಸ್ಥಾಪಿತವಾದ ಟೆರಿ ಸಂಶೋಧನಾ ಸಂಸ್ಥೆಯು ಬೆಂಗಳೂರಿನ ದೊಮ್ಮಲೂರಿನ ತನ್ನ ಕಟ್ಟಡದಲ್ಲಿ ಬೇರೆ ದಾರಿ ತೋರಿದೆ. ನಿವೇಶನದ ದಕ್ಷಿಣಕ್ಕೆ ದುರ್ನಾತದ ಚರಂಡಿ. ಆದ್ದರಿಂದ ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ಆ ದಿಕ್ಕನ್ನು ಜೋಡಿಗೋಡೆಯಿಂದ ಮುಚ್ಚಿ, ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಕಲ್ಲು ಕಾದಂತೆ ಗೋಡೆಗಳ ನಡುವಣ ಗಾಳಿ ಬಿಸಿಯೇರಿ ಮೇಲಕ್ಕೆ ಹೋಗುತ್ತದೆ. ಅದರ ಬೆನ್ನಿಗೇ ಕೊಠಡಿಗಳ ಗಾಳಿಯೂ ಹೊರಟು, ಉತ್ತರದಿಂದ ತಾಜಾ ಗಾಳಿ ಒಳಬರುತ್ತದೆ. ಕಣ್ಣಿಗೆ ಹಿತವಾದ ಬೆಳಕೂ ಆ ದಿಕ್ಕಿನಿಂದಲೇ.

ಮುಂಬಯಿ, ಚೆನ್ನೈಗಳ ಸೆಕೆಗೆ ಇದೇ ನಕ್ಷೆ ಒಗ್ಗದಿರಬಹುದು. ಆದರೆ ಕಟ್ಟುವ ವೆಚ್ಚ ಒಮ್ಮೆಯದು, ವಿದ್ಯುತ್ತಿನ ಬಿಲ್ಲು ಪ್ರತಿ ತಿಂಗಳಿನದು. ಚದರಡಿಯ ದರಕ್ಕೆ ಮೊದಲು ಗಾಳಿ–ಬೆಳಕಿನ ದಿಕ್ಕನ್ನು ವಿಚಾರಿಸುವುದು ಕಿಸೆಗೂ ಆರೋಗ್ಯಕ್ಕೂ ಕ್ಷೇಮ.