ಒಬ್ಬನೇ ಸಪ್ಲೈಯರ್, ಸಾವಿರ ಮೇಜು: ‘ಟೊರ್ನೇಡೊ’ ಬಳಕೆಯ ಮೊದಲ ಹೆಜ್ಜೆ

ಬೆಳಿಗ್ಗೆ ಎಂಟರ ಹೊತ್ತಿಗೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕುಳಿತು ಅಲ್ಲಿನ ಸಪ್ಲೈಯರನನ್ನು ಗಮನಿಸಿ. ಮೊದಲ ಮೇಜಿನವರು ಮಸಾಲೆ ದೋಸೆ ಕೇಳಿದರೆ ಆತ ಒಳಗೆ ಕೂಗಿ ಹೇಳುತ್ತಾನೆಯೇ ಹೊರತು, ದೋಸೆ ಬೇಯುವವರೆಗೆ ಕಾವಲಿಯ ಮುಂದೆ ನಿಂತಿರುವುದಿಲ್ಲ. ಅಷ್ಟರಲ್ಲಿ ಎರಡನೆಯ ಮೇಜಿಗೆ ನೀರಿಟ್ಟು, ಮೂರನೆಯದಕ್ಕೆ ಬಿಲ್ಲು ಕೊಟ್ಟು, ದೋಸೆ ಸಿದ್ಧವೆಂಬ ಕೂಗು ಕೇಳಿದೊಡನೆ ಹಿಂದಿರುಗುತ್ತಾನೆ. ಜಾಲತಾಣಗಳ ತಂತ್ರಾಂಶ ರಚನೆಯಲ್ಲಿ ‘ಅಸಿಂಕ್ರೊನಸ್’ ಎಂದು ಕರೆಯಲಾಗುವ ವಿಧಾನದ ತಿರುಳು ಇಷ್ಟೇ.

ಹಳೆಯ ಪದ್ಧತಿ ಪ್ರತಿ ಮೇಜಿಗೂ ಪ್ರತ್ಯೇಕ ಸಪ್ಲೈಯರನನ್ನು ನೇಮಿಸಿದಂತೆ. ಡೇಟಾಬೇಸಿನಿಂದ ಉತ್ತರ ಬರುವವರೆಗೆ ಆ ಥ್ರೆಡ್ ಸುಮ್ಮನೆ ಕಾಯುತ್ತದೆ. ಮೆಮೊರಿಯನ್ನು ಮಾತ್ರ ಆಕ್ರಮಿಸಿಕೊಂಡೇ ಇರುತ್ತದೆ. ನೂರು ಮಂದಿ ಬಳಸುವ ತಾಣಕ್ಕೆ ಇದರಿಂದ ತೊಂದರೆಯಿಲ್ಲ. ಚಾಟ್, ಕ್ರಿಕೆಟ್ ಸ್ಕೋರಿನಂಥ ಸೇವೆಗಳಲ್ಲಿ ಸಾವಿರಾರು ಸಂಪರ್ಕಗಳು ತೆರೆದೇ ಇರಬೇಕಾದಾಗ ಸರ್ವರ್ ಏದುಸಿರು ಬಿಡುತ್ತದೆ. ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಗ್ರಾಹಕರನ್ನು ನಿಭಾಯಿಸುವುದು ಹೇಗೆಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿಯೇ ಎತ್ತಿದ್ದರು. ಅದು ‘ಸಿ10ಕೆ ಸಮಸ್ಯೆ’ ಎಂದೇ ಹೆಸರಾಯಿತು.

ಅದಕ್ಕೆ ಪೈಥಾನ್ ಭಾಷೆಯಲ್ಲಿ ದೊರೆತ ಉತ್ತರಗಳಲ್ಲಿ ಒಂದು ‘ಟೊರ್ನೇಡೊ’. ಜಿಮೇಲ್ ರೂಪಿಸಿದ ಪಾಲ್ ಬುಖೈಟ್, ಬ್ರೆಟ್ ಟೇಲರ್ ಮೊದಲಾದ ಗೂಗಲ್‌ನ ಮಾಜಿ ನೌಕರರು ಕಟ್ಟಿದ ಫ್ರೆಂಡ್‌ಫೀಡ್ ತಾಣಕ್ಕಾಗಿ ಇದು ಸಿದ್ಧವಾಗಿತ್ತು. 2009ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಆ ಸಂಸ್ಥೆಯನ್ನು ಖರೀದಿಸಿ, ಮರುತಿಂಗಳೇ ಟೊರ್ನೇಡೊವನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಫ್ರೆಂಡ್‌ಫೀಡ್ 2015ರಲ್ಲಿ ಮುಚ್ಚಿತು. ಅದರ ಉಪಕರಣ ಉಳಿದುಕೊಂಡಿತು. ವಿಜ್ಞಾನಿಗಳು ಬಳಸುವ ಜುಪಿಟರ್ ನೋಟ್‌ಬುಕ್‌ನ ಸರ್ವರ್ ಇದರ ಮೇಲೆಯೇ ನಿಂತಿದೆ.

ಆರಂಭಿಸುವುದು ಕಷ್ಟವಲ್ಲ. ಪೈಥಾನ್ 3 ಇರುವ ಗಣಕದಲ್ಲಿ ಮೊದಲು ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ರಚಿಸಿ, ಪಿಪ್ ಮೂಲಕ ಟೊರ್ನೇಡೊ ಅಳವಡಿಸಿಕೊಳ್ಳಬೇಕು. ಬಳಿಕ ಬರೆಯಬೇಕಾದ ಕೋಡ್ ಹದಿನೈದು ಸಾಲು ಮೀರದು. ‘ರಿಕ್ವೆಸ್ಟ್ ಹ್ಯಾಂಡ್ಲರ್’ ಎಂಬ ಕ್ಲಾಸಿನಿಂದ ನಿಮ್ಮದೊಂದು ಕ್ಲಾಸ್ ಮಾಡಿ, ಅದರ ‘ಗೆಟ್’ ವಿಧಾನದಲ್ಲಿ ‘ನಮಸ್ಕಾರ’ ಎಂದು ಬರೆಯಿಸಿ. ಯಾವ ವಿಳಾಸಕ್ಕೆ ಯಾವ ಕ್ಲಾಸ್ ಉತ್ತರಿಸಬೇಕೆಂಬುದನ್ನು ‘ಅಪ್ಲಿಕೇಶನ್’ಗೆ ತಿಳಿಸಿ, 8888ನೇ ಪೋರ್ಟಿನಲ್ಲಿ ಆಲಿಸಲು ಹೇಳಿ. ಸರ್ವರ್ ಒಳಗೇ ಇರುವುದರಿಂದ ಮೊದಲ ಪ್ರಯೋಗಕ್ಕೆ ಬೇರೇನೂ ಬೇಡ. (ಜುಪಿಟರ್ ಚಾಲನೆಯಲ್ಲಿದ್ದರೆ ಅದೂ ಸಾಮಾನ್ಯವಾಗಿ ಇದೇ ಪೋರ್ಟನ್ನು ಹಿಡಿದಿರುತ್ತದೆ, ಆಗ ಬೇರೆ ಸಂಖ್ಯೆ ಕೊಡಿ.)

ನಿಜವಾದ ಪಾಠ ಇನ್ನು ಮುಂದೆ. ಹ್ಯಾಂಡ್ಲರಿನಲ್ಲಿ ‘ಟೈಮ್.ಸ್ಲೀಪ್’ ಬಳಸಿ ಐದು ಸೆಕೆಂಡು ಕಾಯುವಂತೆ ಮಾಡಿ, ಒಟ್ಟಿಗೇ ಎರಡು ಕೋರಿಕೆ ಕಳುಹಿಸಿದರೆ ಎರಡನೆಯವರಿಗೆ ಉತ್ತರ ಸಿಗುವುದು ಹತ್ತನೆಯ ಸೆಕೆಂಡಿಗೆ. ಏಕೆಂದರೆ ಇರುವ ಒಬ್ಬನೇ ಸಪ್ಲೈಯರ್ ಕಾವಲಿಯ ಮುಂದೆ ನಿಂತುಬಿಟ್ಟ. ವಿಧಾನದ ಹಿಂದೆ ‘ಅಸಿಂಕ್’ ಎಂದು ಸೇರಿಸಿ, ‘ಅವೇಟ್’ ಜೊತೆಗೆ ಅಸಿಂಕ್‌ಐಒ ಲೈಬ್ರರಿಯ ಸ್ಲೀಪ್ ಬಳಸಿದರೆ ಇಬ್ಬರಿಗೂ ಐದೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ‘ಅವೇಟ್’ ಎಂದರೆ ಒಳಗೆ ಕೂಗಿ ಹೇಳಿ ಮುಂದಿನ ಮೇಜಿಗೆ ಹೋಗುವುದು.

ಈ ಪರೀಕ್ಷೆಯಲ್ಲೊಂದು ಮೋಸವಿದೆ. ಬ್ರೌಸರಿನ ಎರಡು ಟ್ಯಾಬುಗಳಲ್ಲಿ ಒಂದೇ ವಿಳಾಸ ತೆರೆದರೆ, ಕೆಲವು ಬ್ರೌಸರುಗಳು ಮೊದಲನೆಯದು ಮುಗಿಯುವವರೆಗೆ ಎರಡನೆಯದನ್ನು ಕಳುಹಿಸುವುದೇ ಇಲ್ಲ. ಈ ಲೇಖಕನೂ ಸರಿಯಾದ ಕೋಡನ್ನೇ ಅರ್ಧ ದಿನ ತಿದ್ದುತ್ತ ಕುಳಿತದ್ದುಂಟು. ಎರಡನೆಯ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಒಂದೆರಡು ಅಕ್ಷರ ಸೇರಿಸಿದರೆ ಗೊಂದಲ ಬಗೆಹರಿಯುತ್ತದೆ.

ಅಪಾಯ ಅಡಗಿರುವುದು ಇಲ್ಲಿಯೇ. ಹಳೆಯ ಪದ್ಧತಿಯಲ್ಲಿ ಒಂದು ಕೆಟ್ಟ ಸಾಲು ಹೆಚ್ಚಾಗಿ ಆ ಒಬ್ಬ ಗ್ರಾಹಕನನ್ನು ಕಾಯಿಸುತ್ತದೆ. ಇಲ್ಲಿ ಅದು ಸಂಪರ್ಕದಲ್ಲಿರುವ ಎಲ್ಲರನ್ನೂ ನಿಲ್ಲಿಸುತ್ತದೆ. ಜನಪ್ರಿಯ ‘ರಿಕ್ವೆಸ್ಟ್ಸ್’ ಲೈಬ್ರರಿಯಿಂದ ಬೇರೊಂದು ತಾಣವನ್ನು ಕರೆದರೂ ಸಾಕು, ಆ ತಾಣ ನಿಧಾನವಾದ ದಿನ ನಿಮ್ಮ ತಾಣವೂ ಸ್ತಬ್ಧ. ಅದರ ಬದಲು ಟೊರ್ನೇಡೊದಲ್ಲಿಯೇ ಇರುವ ಅಸಿಂಕ್ ಎಚ್‌ಟಿಟಿಪಿ ಕ್ಲೈಂಟ್ ಬಳಸಬೇಕು. ಡೇಟಾಬೇಸಿಗೂ ಅಸಿಂಕ್ ಡ್ರೈವರ್ ಆರಿಸಿಕೊಳ್ಳಬೇಕು. ಚಿತ್ರ ಕುಗ್ಗಿಸುವುದು, ಭಾರೀ ಲೆಕ್ಕ ಮಾಡುವುದು ಕಾಯುವ ಕೆಲಸಗಳಲ್ಲ, ದುಡಿಯುವ ಕೆಲಸಗಳು. ಅವುಗಳಿಗೆ ‘ಅವೇಟ್’ ಹಚ್ಚಿದ ಮಾತ್ರಕ್ಕೆ ಪ್ರಯೋಜನವಿಲ್ಲ. ಬೇರೆ ಪ್ರಾಸೆಸ್‌ಗೆ ಒಪ್ಪಿಸುವುದೇ ದಾರಿ.

ಹಾಗಾಗಿ ನಾಲ್ಕು ಪುಟ, ಒಂದು ಅರ್ಜಿ ನಮೂನೆ ಇರುವ ತಾಣಕ್ಕೆ ಜಾಂಗೊ ಧಾರಾಳವಾಗಿ ಸಾಕು. ಫಾಸ್ಟ್‌ಎಪಿಐ, ಸ್ಟಾರ್ಲೆಟ್ ಮುಂತಾದ ಹೊಸ ಚೌಕಟ್ಟುಗಳು 2018ರಿಂದೀಚೆಗೆ ಬಂದಿವೆ. ಅವುಗಳ ಅಸಿಂಕ್ ವಿಧಾನಗಳಿಗೂ ಮೇಲಿನ ನಿಯಮವೇ ಅನ್ವಯ. ಟೊರ್ನೇಡೊವನ್ನೇ ಆರಿಸಿಕೊಂಡವರು ಕಲಿಕೆಯ ಹಂತದಲ್ಲಿ ಡೀಬಗ್ ಆಯ್ಕೆಯನ್ನು ತೆರೆದಿಡುವುದು ಒಳಿತು: ಕಡತ ಬದಲಿಸಿದೊಡನೆ ಸರ್ವರ್ ತಾನಾಗಿಯೇ ಮರುಚಾಲನೆಗೊಳ್ಳುತ್ತದೆ. ಸಾರ್ವಜನಿಕರಿಗೆ ತೆರೆಯುವ ಮುನ್ನ ಅದನ್ನು ಮರೆಯದೆ ಮುಚ್ಚಿ, ಮುಂದೆ ಎನ್‌ಜಿನ್ಎಕ್ಸ್ ಸರ್ವರ್ ನಿಲ್ಲಿಸಿ, ಪ್ರೊಸೆಸರಿನ ಪ್ರತಿ ಕೋರ್‌ಗೆ ಒಂದರಂತೆ ಪ್ರಾಸೆಸ್ ನಡೆಸುವುದು ರೂಢಿ.